ಹೊಳೆದಂಡೆಯ ನಡಿಗೆಯಲ್ಲಿ ದೊಡ್ಡ ಮರಕುಟಿಗವನ್ನು ಪತ್ತೆಹಚ್ಚುವುದು ಹೇಗೆ

ಕಾಗೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಹಕ್ಕಿ, ತಲೆಯ ಮೇಲೆ ಎದ್ದು ಕಾಣುವ ಕೆಂಪು, ಮರ ಕುಟ್ಟಿದರೆ ಅರ್ಧ ಕಾಡಿಗೆ ಕೇಳುವ ಸದ್ದು. ಇಷ್ಟಿದ್ದರೂ ದೊಡ್ಡ ಮರಕುಟಿಗವನ್ನು ನೋಡದೆ ದಾಟಿಹೋಗುವವರೇ ಹೆಚ್ಚು. ಅವರು ಎಲ್ಲ ಮರಗಳನ್ನೂ ಒಂದೇ ಸಮ ನೋಡುತ್ತಾ, ಎಲ್ಲಿಯಾದರೂ ಹಕ್ಕಿ ಅಲುಗಾಡೀತೇ ಎಂದು ಕಾಯುತ್ತಾ ನಡೆಯುತ್ತಾರೆ. ಮರಕುಟಿಗದ ಮಟ್ಟಿಗೆ ಇದು ತಿರುಗಾಮುರುಗಾ ಕೆಲಸ. ಮೊದಲು ಸರಿಯಾದ ಮರ ಹುಡುಕಬೇಕು, ಆಮೇಲೆ ಆ ಮರದ ಸುತ್ತ ಕಿವಿ ಕೊಡಬೇಕು, ಬೈನಾಕ್ಯುಲರ್ ಕೊನೆಗೆ.

ಯಾವ ಹಕ್ಕಿ ಎಂಬುದು ನೀವಿರುವ ಪ್ರದೇಶಕ್ಕೆ ತಕ್ಕಂತೆ ಬೇರೆ. ಪಶ್ಚಿಮ ಘಟ್ಟಗಳಿಂದ ಆಗ್ನೇಯ ಏಷ್ಯಾದವರೆಗೆ ಬಿಳಿಹೊಟ್ಟೆಯ ಮರಕುಟಿಗ ಇದೆ. ಉದ್ದ 48 ಸೆಂ.ಮೀ. ವರೆಗೆ, ಹೊಟ್ಟೆ ಬಿಟ್ಟರೆ ಬಹುತೇಕ ಕಪ್ಪು. ಹಿಮಾಲಯದ ತಪ್ಪಲಿನ ಸಾಲವೃಕ್ಷದ ಕಾಡಿನಿಂದ ಪೂರ್ವಕ್ಕೆ ಹಬ್ಬಿರುವ ದೊಡ್ಡ ಬೂದು ಮರಕುಟಿಗ ಸುಮಾರು 50 ಸೆಂ.ಮೀ. ಉದ್ದದ್ದು, ಇಂದು ಬದುಕಿರುವುದು ಖಚಿತವಿರುವ ಮರಕುಟಿಗಗಳಲ್ಲಿ ಗಾತ್ರದಲ್ಲಿ ಅದೇ ಮುಂದೆ. ಯೂರೋಪಿನಿಂದ ಜಪಾನಿನವರೆಗೆ ಕಪ್ಪು ಮರಕುಟಿಗ, ಉತ್ತರ ಅಮೆರಿಕದಲ್ಲಿ ಪೈಲಿಯೇಟೆಡ್, ದಕ್ಷಿಣ ಅಮೆರಿಕದ ತುದಿಯ ಕಾಡುಗಳಲ್ಲಿ ಮೆಗಲಾನಿಕ್. 33 ಸೆಂ.ಮೀ. ಆಸುಪಾಸಿನ ದೊಡ್ಡ ಹೊಂಬೆನ್ನಿನ ಮರಕುಟಿಗವನ್ನೂ ಹಲವರು ಈ ಸಾಲಿಗೆ ಸೇರಿಸುತ್ತಾರೆ. ಹುಡುಕುವ ವಿಧಾನ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ.

ಹೊಳೆದಂಡೆಯೇ ಏಕೆ

ನದಿ ಮರಗಳನ್ನು ಕೊಲ್ಲುತ್ತದೆ. ಮರಕುಟಿಗಕ್ಕೆ ಬೇಕಾದದ್ದೂ ಅದೇ. ಪ್ರವಾಹದಲ್ಲಿ ಬೇರು ವಾರಗಟ್ಟಲೆ ನೀರಲ್ಲಿ ಮುಳುಗಿದರೆ ಉಸಿರುಗಟ್ಟಿ ಮರ ನಿಂತಲ್ಲೇ ಒಣಗುತ್ತದೆ. ತಿರುವಿನ ಹೊರಬದಿಯಲ್ಲಿ ದಂಡೆ ಕೊರೆದುಹೋಗಿ ಮರ ವಾಲುತ್ತದೆ, ಕೊಂಬೆ ಮುರಿಯುತ್ತದೆ, ಮುರಿದ ಜಾಗದಿಂದ ಅಣಬೆ ಒಳಹೊಕ್ಕು ಚೇಗನ್ನು ಮೆದುವಾಗಿಸುತ್ತದೆ. ಅಲ್ಲಿಗೆ ಇರುವೆ, ಗೆದ್ದಲು, ಮರ ಕೊರೆಯುವ ಹುಳು ಬರುತ್ತವೆ. ಅವುಗಳ ಹಿಂದೆ ಮರಕುಟಿಗ.

ಎರಡನೆಯ ಅನುಕೂಲ ನಮಗೆ. ದಟ್ಟ ಕಾಡಿನೊಳಗೆ ಇಪ್ಪತ್ತು ಮೀಟರ್ ಆಚೆಗಿನ ಕಾಂಡ ಕಾಣುವುದಿಲ್ಲ. ಹೊಳೆ ಅಡ್ಡ ಬಂದಲ್ಲಿ ಎದುರು ದಂಡೆಯ ಮರಗಳು ಬುಡದಿಂದ ತುದಿಯವರೆಗೆ ತೆರೆದುಕೊಳ್ಳುತ್ತವೆ. ಹಕ್ಕಿ ಹೊಳೆ ದಾಟುವಾಗ ಕೆಲವು ಸೆಕೆಂಡು ಪೂರ್ತಿ ಬಯಲಲ್ಲಿ ಸಿಗುತ್ತದೆ.

ತೊಡಕು ನೀರಿನ ಸದ್ದು. ಕಲ್ಲುಗಳ ಮೇಲೆ ನೀರು ಭೋರ್ಗರೆಯುವ ಕಡೆ ದೂರದ ಕುಟ್ಟುವಿಕೆ ಕೇಳುವುದೇ ಇಲ್ಲ. ಆದ್ದರಿಂದ ನಕಾಶೆಯಲ್ಲಿ ಅಥವಾ ಉಪಗ್ರಹ ಚಿತ್ರದಲ್ಲಿ ನೀರು ನಿಧಾನವಾಗಿ ಹರಿಯುವ ಅಗಲ ಪಾತ್ರ, ಮಡು, ಹಳೆಯ ಕವಲು, ಹಿನ್ನೀರಿನ ಅಂಚು ಗುರುತಿಸಿಕೊಳ್ಳಿ. ನೋಡಲು ಚೆಂದವಾದ ಜಲಪಾತದ ದಾರಿ ಈ ಕೆಲಸಕ್ಕೆ ಬಾರದು.

ಯಾವ ದಂಡೆ, ಯಾವ ಹೊತ್ತು

ಸೂರ್ಯ ಬೆನ್ನ ಹಿಂದೆ ಇರಲಿ. ಉತ್ತರ–ದಕ್ಷಿಣವಾಗಿ ಹರಿಯುವ ಹೊಳೆಯಲ್ಲಿ ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಡೆದರೆ ಎದುರಿನ ಪಶ್ಚಿಮದ ದಂಡೆಯ ಕಾಂಡಗಳ ಮೇಲೆ ಬಿಸಿಲು ಬಿದ್ದಿರುತ್ತದೆ. ಸಂಜೆಗೆ ಇದು ಅದಲುಬದಲು. ದಂಡೆ ತಪ್ಪಿದರೆ ಏನಾಗುತ್ತದೆ? ಬೆಳಕಿಗೆ ಎದುರಾಗಿ ಕೂತ ಎಲ್ಲ ಹಕ್ಕಿಯೂ ಕಪ್ಪೇ. ಹೊಂಬೆನ್ನಿನ ಮರಕುಟಿಗವೂ ಕಪ್ಪು ಮರಕುಟಿಗವಾಗಿಬಿಡುತ್ತದೆ, ನಡಿಗೆಯ ಪಟ್ಟಿಗಳಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಮೊದಲ ನಿಲುಗಡೆಯಲ್ಲಿರಿ. ಮರಕುಟಿಗ ರಾತ್ರಿ ಪೊಟರೆಯೊಳಗೆ ಮಲಗುತ್ತದೆ. ಹೊರಬಂದ ಮೇಲೆ ಒಂದೆರಡು ಸಲ ಕೂಗಿ, ಕೆಲವೊಮ್ಮೆ ಮರ ಬಾರಿಸಿ, ಮೇವಿಗೆ ಹೊರಡುತ್ತದೆ. ಅಲ್ಲಿಂದ ಎರಡು–ಮೂರು ಗಂಟೆ ಒಳ್ಳೆಯ ಸಮಯ. ಮಧ್ಯಾಹ್ನ ಸದ್ದು ಇಳಿಯುತ್ತದೆ. ಗಾಳಿ ಬೀಸುವ ದಿನ ಹೋಗದಿರುವುದೇ ಮೇಲು. ಎಲೆಯ ಮರ್ಮರ ಮತ್ತು ಕೊಂಬೆ ತಾಕಾಟದ ನಡುವೆ ಕಿವಿ ಕೆಲಸ ಮಾಡುವುದಿಲ್ಲ.

ಋತುವಿನ ವಿಷಯಕ್ಕೆ ಬಂದರೆ, ಮರಿ ಮಾಡುವ ಕಾಲಕ್ಕೆ ಸ್ವಲ್ಪ ಮೊದಲು ಬಾರಿಸುವುದು ಜೋರಾಗುತ್ತದೆ. ಯೂರೋಪಿನ ಕಪ್ಪು ಮರಕುಟಿಗಕ್ಕೆ ಅದು ಚಳಿಗಾಲದ ಕೊನೆ ಮತ್ತು ವಸಂತದ ಆರಂಭ. ಎಲೆ ಉದುರಿಸುವ ಕಾಡುಗಳಲ್ಲಿ ಎಲೆ ಬಿದ್ದು ಹೊಸ ಚಿಗುರು ಬರುವವರೆಗಿನ ಅವಧಿ ಕಣ್ಣಿಗೂ ಅನುಕೂಲ.

ಮರವನ್ನು ಓದುವುದು

ಒಣಮರ ಎಂದರೆ ಸಾಕಾಗುವುದಿಲ್ಲ, ಎಂಥ ಒಣಮರ ಎಂಬುದು ಮುಖ್ಯ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 40 ಸೆಂ.ಮೀ.ಗಿಂತ ಹೆಚ್ಚಿರಲಿ, ದೊಡ್ಡ ಮರಕುಟಿಗದ ಗೂಡು ಹಿಡಿಸಲು ಅಷ್ಟು ದಪ್ಪ ಬೇಕು. ತೊಗಟೆ ಅಲ್ಲಲ್ಲಿ ಎದ್ದಿರಬೇಕು, ಆದರೆ ಮರ ಪೂರ್ತಿ ಪುಡಿಯಾಗಿರಬಾರದು. ಬದುಕಿರುವ ದೊಡ್ಡ ಮರದ ಒಣಗಿದ ತುದಿ ಅಥವಾ ಒಂದೇ ಒಂದು ಸತ್ತ ದಪ್ಪ ಕೊಂಬೆಯನ್ನೂ ಬಿಡಬೇಡಿ. ಕಪ್ಪು ಮರಕುಟಿಗ ಗೂಡಿಗೆ ಆರಿಸುವುದು ಹೆಚ್ಚಾಗಿ ಬದುಕಿರುವ ದಪ್ಪ ಬೀಚ್ ಅಥವಾ ಪೈನ್ ಮರವನ್ನೇ.

ಬಳಿಕ ತೂತುಗಳನ್ನು ನೋಡಿ. ಪೈಲಿಯೇಟೆಡ್ ಮತ್ತು ಕಪ್ಪು ಮರಕುಟಿಗಗಳು ಮೇವಿಗಾಗಿ ಕೊರೆಯುವ ಗುಂಡಿ ದುಂಡಗಿರುವುದಿಲ್ಲ, ಉದ್ದುದ್ದ ಚೌಕಾಕಾರ. ಒಳಗೆ ಕೈ ಹಿಡಿಸುವಷ್ಟು ಆಳ. ಮರ ಕೊರೆಯುವ ಇರುವೆಗಳ ಸುರಂಗ ನಾರಿನ ಜೊತೆಗೆ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ, ಹಕ್ಕಿಯೂ ಅದೇ ಜಾಡು ಹಿಡಿದು ಕೊರೆಯುತ್ತದೆ, ಅದಕ್ಕೆ ಆ ಆಕಾರ. ಇಂಥವು ಬುಡದ ಹತ್ತಿರ, ಮೊಣಕಾಲೆತ್ತರದಲ್ಲೂ ಇರುತ್ತವೆ, ಬಿದ್ದ ದಿಮ್ಮಿಗಳ ಮೇಲೂ ಇರುತ್ತವೆ. ಮೇಲಷ್ಟೇ ನೋಡುತ್ತಾ ನಡೆಯುವವರಿಗೆ ಇವು ತಪ್ಪಿಹೋಗುತ್ತವೆ.

ಗೂಡಿನ ಬಾಯಿ ಬೇರೆ ಬಗೆ. ದೊಡ್ಡ ಜಾತಿಗಳಲ್ಲಿ ಅದು ಎತ್ತರದಲ್ಲಿ, ನುಣುಪಾದ ಅಂಚಿನ ಲಂಬ ಮೊಟ್ಟೆಯಾಕಾರದಲ್ಲಿ ಇರುತ್ತದೆ; ಕಪ್ಪು ಮರಕುಟಿಗದ ಗೂಡಿನ ಬಾಯಿ ಸುಮಾರು 9 ಸೆಂ.ಮೀ. ಅಗಲ, 12–13 ಸೆಂ.ಮೀ. ಎತ್ತರ. ನಾಲ್ಕೈದು ಸೆಂ.ಮೀ.ನ ದುಂಡನೆ ತೂತು ಸಣ್ಣ ಮರಕುಟಿಗದ್ದು ಅಥವಾ ಕುಟ್ರು ಹಕ್ಕಿಯದ್ದು. ಕೊಂಬೆ ಮುರಿದ ಗಂಟಿನ ನಡುವೆ ಇರುವ ಅಂಕುಡೊಂಕಿನ ಪೊಟರೆ ತಾನಾಗಿ ಕೊಳೆತದ್ದು.

ಹಳೆಯದೋ ಹೊಸದೋ ಎಂದು ತಿಳಿಯಲು ನೆಲ ನೋಡಿ. ಬುಡದಲ್ಲಿ ಬಿದ್ದ ಚೆಕ್ಕೆಗಳು ತಿಳಿ ಬಣ್ಣದಲ್ಲಿ, ಎಲೆಗಳ ಮೇಲೆ ಹರಡಿದ್ದರೆ ಕೆಲಸ ಇತ್ತೀಚಿನದು. ಬೂದುಬಣ್ಣಕ್ಕೆ ತಿರುಗಿ ಎಲೆಗಳ ಕೆಳಗೆ ಸೇರಿದ್ದರೆ ಹಳೆಯದು. ಚೆಕ್ಕೆಯ ಉದ್ದವೇ ದೊಡ್ಡ ಸುಳಿವು. ಸಣ್ಣ ಮರಕುಟಿಗ ಹೊಟ್ಟಿನಂಥ ಪುಡಿ ಬೀಳಿಸುತ್ತದೆ, ದೊಡ್ಡದು ಹತ್ತು ಸೆಂ.ಮೀ. ಉದ್ದದ ಸೀಳುಗಳನ್ನೇ ಎಸೆಯುತ್ತದೆ. ಚೆಕ್ಕೆಗಳ ನಡುವೆ ಹಿಕ್ಕೆ ಸಿಕ್ಕರೆ ಕಡ್ಡಿಯಿಂದ ಒಡೆದು ನೋಡಿ: ಒಳಗೆ ಇರುವೆಗಳ ತಲೆ, ಕಾಲುಗಳ ಚೂರು ತುಂಬಿರುತ್ತದೆ.

ಇಂಥ ಮರ ಒಂದು ಸಿಕ್ಕಿದರೆ ಆ ದಿನದ ನಡಿಗೆ ಅಲ್ಲೇ ನಿಧಾನವಾಗಬೇಕು.

ಕಿವಿಯ ಕೆಲಸ

ಗಂಟೆಗೆ ಒಂದು ಕಿಲೋಮೀಟರಿಗಿಂತ ವೇಗ ಬೇಡ. ಸುಮಾರು 150–200 ಮೀಟರಿಗೊಮ್ಮೆ ನಿಂತು ಐದು ನಿಮಿಷ ಪೂರ್ತಿ ಸುಮ್ಮನಿರಿ. ಗುಂಪಿನಲ್ಲಿ ಹೋದಾಗ ಈ ಐದು ನಿಮಿಷವನ್ನು ಗಡಿಯಾರ ನೋಡಿಯೇ ಪಾಲಿಸಬೇಕು. ಇಲ್ಲದಿದ್ದರೆ ಒಂದು ನಿಮಿಷಕ್ಕೇ ಯಾರಾದರೂ ಮಾತು ತೆಗೆಯುತ್ತಾರೆ. ಎರಡೂ ಅಂಗೈಯನ್ನು ಬೊಗಸೆ ಮಾಡಿ ಕಿವಿಯ ಹಿಂದೆ ಹಿಡಿದು ನಿಧಾನಕ್ಕೆ ತಿರುಗಿ. ಮುಂದಿನ ಸದ್ದು ಸ್ಪಷ್ಟವಾಗುತ್ತದೆ, ಹಿಂದಿನ ನೀರಿನ ಸದ್ದು ತಗ್ಗುತ್ತದೆ.

ಕುಟ್ಟುವ ಸದ್ದಿನಲ್ಲಿ ಮೂರು ಬಗೆಯನ್ನು ಬೇರ್ಪಡಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮೇವಿನ ಕುಟ್ಟು ಅನಿಯಮಿತ: ಎರಡು ಏಟು, ಬಿಡುವು, ಐದು ಏಟು, ಮತ್ತೆ ಬಿಡುವು, ಜೊತೆಗೆ ತೊಗಟೆ ಕೀಳುವ ಚರಚರ. ದೊಡ್ಡ ಹಕ್ಕಿಯ ಏಟು ನಿಧಾನ, ಭಾರ. ಕೊಡಲಿಯ ಸದ್ದೆಂದು ಭ್ರಮೆಯಾಗುವುದುಂಟು. ಗೂಡು ಕೊರೆಯುವ ಸದ್ದು ಒಂದೇ ಗತಿಯದ್ದು, ಮಂದವಾದದ್ದು, ಬಹಳ ಹೊತ್ತು ಒಂದೇ ಜಾಗದಿಂದ ಬರುತ್ತದೆ, ಒಳಗಿನಿಂದ ಕುಟ್ಟುವಾಗ ಇನ್ನೂ ಟೊಳ್ಳಾಗುತ್ತದೆ. ಮೂರನೆಯದು ಡ್ರಮ್ಮಿಂಗ್. ಇದು ಮೇವಿಗಲ್ಲ, ಇದು ತನ್ನ ಜಾಗ ಸಾರುವ ಮತ್ತು ಸಂಗಾತಿಯನ್ನು ಕರೆಯುವ ಸದ್ದು. ಏಟುಗಳು ಎಣಿಸಲಾಗದಷ್ಟು ಒತ್ತೊತ್ತಾಗಿ ಬರುತ್ತವೆ. ಯೂರೋಪಿನ ಸಾಮಾನ್ಯ ಸಣ್ಣ ಮರಕುಟಿಗಗಳದ್ದು ಅರ್ಧ ಸೆಕೆಂಡಿನಷ್ಟರಲ್ಲಿ ಮುಗಿದರೆ ಕಪ್ಪು ಮರಕುಟಿಗದ್ದು 2–3 ಸೆಕೆಂಡು ಸಾಗುತ್ತದೆ, ಕಿಲೋಮೀಟರಿಗೂ ಆಚೆ ಕೇಳುತ್ತದೆ. ಪೈಲಿಯೇಟೆಡ್‌ನದ್ದು ಸೆಕೆಂಡಿಗೆ ಸುಮಾರು 15 ಏಟಿನ ಗತಿ, ಕೊನೆಗೆ ಕ್ಷೀಣಿಸುತ್ತದೆ. ಮೆಗಲಾನಿಕ್ ಸರಣಿಯನ್ನೇ ಬಾರಿಸುವುದಿಲ್ಲ, ‘ಟಕ್–ಟಕ್’ ಎಂದು ಜೋಡಿ ಏಟು ಹೊಡೆದು ನಿಲ್ಲಿಸುತ್ತದೆ. ದೊಡ್ಡ ಬೂದು ಮರಕುಟಿಗ ಬಾರಿಸುವುದೇ ಅಪರೂಪ, ಅದಕ್ಕಾಗಿ ಕಾಯುತ್ತಾ ಕೂತರೆ ಕೈಗೆ ಸಿಗದು. ಅದು ಸಣ್ಣ ಗುಂಪಿನಲ್ಲಿ ಕೆನೆಯುವಂತೆ ಕೂಗುತ್ತಾ ಸಾಗುತ್ತದೆ. ಆ ಕೂಗನ್ನು ಹಿಡಿಯಬೇಕು.

ಸದ್ದಿನ ದಿಕ್ಕು ಹಿಡಿಯುವಲ್ಲಿ ಹೊಳೆ ಮೋಸ ಮಾಡುತ್ತದೆ. ಎದುರಿನ ಕಡಿದಾದ ದಂಡೆ ಅಥವಾ ಬಂಡೆಗೆ ಬಡಿದು ಸದ್ದು ಮರಳಿ ಬರುವುದರಿಂದ, ನಿಮ್ಮದೇ ದಂಡೆಯಲ್ಲಿರುವ ಹಕ್ಕಿ ಆಚೆ ಇದ್ದಂತೆ ತೋರಬಹುದು. ಆದ್ದರಿಂದ ಒಂದೇ ಜಾಗದಿಂದ ತೀರ್ಮಾನಿಸಬೇಡಿ. ಕೇಳಿದ ದಿಕ್ಕಿಗೆ ಕೈ ಚಾಚಿ, ಆ ನೇರದಲ್ಲಿ ಒಂದು ಎದ್ದು ಕಾಣುವ ಮರ ಗುರುತಿಟ್ಟುಕೊಳ್ಳಿ. ದಂಡೆಯ ಗುಂಟ 60–100 ಮೀಟರ್ ನಡೆದು ಮತ್ತೆ ಕೇಳಿ, ಮತ್ತೆ ಕೈ ಚಾಚಿ. ಎರಡು ನೇರಗಳು ಕೂಡುವ ಜಾಗದ ಸುತ್ತಮುತ್ತಲಲ್ಲೇ ಹಕ್ಕಿ ಇರುತ್ತದೆ. ಎರಡನೆಯ ಜಾಗದಲ್ಲಿ ದಿಕ್ಕು ಪೂರ್ತಿ ಉಲ್ಟಾ ಆದರೆ ಮೊದಲು ಕೇಳಿದ್ದು ಪ್ರತಿಧ್ವನಿ.

ಹತ್ತಿರವಾಗುವುದು, ನೋಡುವುದು

8x42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಈ ಕೆಲಸಕ್ಕೆ ತಕ್ಕದ್ದು. 42 ಅನ್ನು 8ರಿಂದ ಭಾಗಿಸಿದರೆ ಕಣ್ಣಿನ ಬದಿಗೆ ಬೆಳಕು ಹೊರಬೀಳುವ ವೃತ್ತದ ಅಗಲ 5.25 ಮಿ.ಮೀ. ಬರುತ್ತದೆ, 10x42ರಲ್ಲಿ ಅದು 4.2. ಮುಂಜಾನೆಯ ಮಬ್ಬಿನಲ್ಲಿ, ಮರದ ನೆರಳಿನಲ್ಲಿ ಈ ವ್ಯತ್ಯಾಸ ಕಾಣುತ್ತದೆ, ಮೇಲಾಗಿ 8ರಲ್ಲಿ ಕೈನಡುಕವೂ ಕಡಿಮೆ. ಮನೆಯಿಂದ ಹೊರಡುವ ಮೊದಲೇ ಎರಡು ಕಣ್ಣಿನ ಹೊಂದಾಣಿಕೆ ಮಾಡಿಕೊಳ್ಳಿ: ಬಲ ಮಸೂರವನ್ನು ಕೈಯಿಂದ ಮುಚ್ಚಿ ಎಡಗಣ್ಣಿಗೆ ನಡುವಿನ ಚಕ್ರದಿಂದ ಸ್ಪಷ್ಟ ಮಾಡಿ, ನಂತರ ಎಡ ಮಸೂರ ಮುಚ್ಚಿ ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ. ನಡೆಯುವಾಗ ಫೋಕಸ್ ಎದುರು ದಂಡೆಯ ದೂರಕ್ಕೆ ಇಟ್ಟಿರಲಿ. ಹಕ್ಕಿ ಕಂಡಾಗ ಕಣ್ಣು ಕೆಳಗಿಳಿಸದೆ, ನೋಟ ಅಲ್ಲೇ ನೆಟ್ಟು, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಮರಕುಟಿಗ ನಿಮ್ಮನ್ನು ಕಂಡ ಕೂಡಲೇ ಹಾರುವುದು ಕಡಿಮೆ. ಕಾಂಡದ ಆಚೆ ಬದಿಗೆ ಸರಿದು, ಅಲುಗದೆ ಅಂಟಿಕೊಂಡಿರುತ್ತದೆ. ‘ಹಾರಿಹೋಯಿತು’ ಎಂದು ಹೊರಟುಬಿಡುವುದು ಬಹಳ ಜನ ಮಾಡುವ ತಪ್ಪು. ಅದು ಮರೆಯಾದ ಜಾಗವನ್ನಲ್ಲ, ಅದಕ್ಕಿಂತ ಒಂದೆರಡು ಮೀಟರ್ ಮೇಲಿನ ಕಾಂಡದ ಎರಡೂ ಅಂಚುಗಳನ್ನು ನೋಡುತ್ತಿರಿ, ಏಕೆಂದರೆ ಮರಕುಟಿಗ ಹತ್ತುತ್ತಾ ಹೋಗುವ ಹಕ್ಕಿ. ಮೊದಲು ಇಣುಕುವುದು ಕೊಕ್ಕು ಮತ್ತು ಕಣ್ಣು. ಇಬ್ಬರಿದ್ದರೆ ಒಬ್ಬರು ನಿಂತಲ್ಲೇ ನಿಂತು, ಇನ್ನೊಬ್ಬರು ದಂಡೆಯ ಗುಂಟ ಮೂವತ್ತು ಮೀಟರ್ ಸರಿಯಲಿ. ಎರಡು ಕೋನದಲ್ಲಿ ಕಾಂಡಕ್ಕೆ ಮರೆಯ ಬದಿ ಉಳಿಯುವುದು ಕಡಿಮೆ. ಮುಂದೆ ಹೋಗಲೇಬೇಕಿದ್ದರೆ ಅದು ಕುಟ್ಟುತ್ತಿರುವಾಗ ಎರಡು ಹೆಜ್ಜೆ ಇಡಿ, ಕುಟ್ಟುವುದು ನಿಂತ ಕೂಡಲೇ ನೀವೂ ನಿಲ್ಲಿ. ಮರದ ಬುಡ ಬಡಿದು ಹೊರಡಿಸುವ ಹಳೆಯ ಚಾಳಿ ಬೇಡವೇ ಬೇಡ. ಒಳಗೆ ಮೊಟ್ಟೆ ಇದ್ದರೆ ಅದಕ್ಕೆ ದೊಡ್ಡ ತೊಂದರೆ.

ಎದುರು ದಂಡೆಯನ್ನು ಜಾಲಾಡುವಾಗ ಹುಡುಕಬೇಕಾದ ಆಕಾರ ಕೊಂಬೆಯ ಮೇಲೆ ಅಡ್ಡ ಕೂತ ಹಕ್ಕಿಯದ್ದಲ್ಲ. ಕಾಂಡಕ್ಕೆ ಸಮಾನಾಂತರವಾಗಿ ನಿಂತ ಮೈ, ತೊಗಟೆಗೆ ಒತ್ತಿದ ಗಡಸು ಬಾಲ, ಕಾಂಡದಿಂದ ಹಿಂದಕ್ಕೆ ಚಾಚಿದ ತಲೆ. ಸುಟ್ಟ ಕೊಂಬೆಯ ಮೋಟು ಇದೇ ರೀತಿ ಕಾಣುತ್ತದೆ, ಒಂದು ನಿಮಿಷ ಕಾದರೆ ಗೊತ್ತಾಗುತ್ತದೆ.

ಗುರುತಿಸುವಾಗ ಎಡವುವ ಜಾಗಗಳು

ಗಾತ್ರವನ್ನು ನಂಬಬೇಡಿ. ಬರಿದಾದ ಮರದ ಮೇಲೆ, ಹಿಂದೆ ಆಕಾಶವಷ್ಟೇ ಇರುವಾಗ, 28 ಸೆಂ.ಮೀ. ಹಕ್ಕಿಯೂ ದೊಡ್ಡದಾಗಿ ಕಾಣುತ್ತದೆ. ಅದೇ ಮರಕ್ಕೆ ಬಂದ ಪರಿಚಿತ ಹಕ್ಕಿಯ ಜೊತೆ ಹೋಲಿಸಿ.

ಹಾರಾಟ ಹೆಚ್ಚು ವಿಶ್ವಾಸಾರ್ಹ. ಸಣ್ಣ ಮತ್ತು ಮಧ್ಯಮ ಗಾತ್ರದವು ರೆಕ್ಕೆ ಬಡಿದು ಏರಿ, ಮಡಚಿ ಇಳಿದು, ಅಲೆಯಂತೆ ಸಾಗುತ್ತವೆ, ಹೊಂಬೆನ್ನಿನವು ಹೀಗೇ. ಬಿಳಿಹೊಟ್ಟೆಯ, ಕಪ್ಪು, ಪೈಲಿಯೇಟೆಡ್, ದೊಡ್ಡ ಬೂದು ಮರಕುಟಿಗಗಳು ಹೆಚ್ಚುಕಡಿಮೆ ನೇರವಾಗಿ, ನಿಧಾನ ಬಡಿತದಲ್ಲಿ ಕಾಗೆಯ ಹಾಗೆ ಹೊಳೆ ದಾಟುತ್ತವೆ. ಆದ್ದರಿಂದಲೇ ದೂರದಲ್ಲಿ ದಾಟಿದ ‘ಕಾಗೆ’ಯನ್ನೂ ಒಮ್ಮೆ ನೋಡಿ: ಕತ್ತು ಸಪೂರ ಇದೆಯೇ, ಕೂರುವಾಗ ಕೊಂಬೆ ಬಿಟ್ಟು ಕಾಂಡಕ್ಕೆ ಅಂಟಿತೇ?

ಗಂಡು ಹೆಣ್ಣಿನ ವ್ಯತ್ಯಾಸ ಹೆಚ್ಚಾಗಿ ಕೆಂಪಿನ ಹರವಿನಲ್ಲಿದೆ. ಬಿಳಿಹೊಟ್ಟೆಯದರಲ್ಲಿ ಗಂಡಿಗೆ ನೆತ್ತಿಯೆಲ್ಲ ಕೆಂಪು, ಜೊತೆಗೆ ಕೊಕ್ಕಿನ ಬುಡದಿಂದ ಹೊರಡುವ ಕೆಂಪು ಮೀಸೆಪಟ್ಟಿ. ಹೆಣ್ಣಿಗೆ ನೆತ್ತಿಯ ಹಿಂಭಾಗ ಮಾತ್ರ ಕೆಂಪು. ಕಪ್ಪು ಮರಕುಟಿಗದಲ್ಲೂ ನೆತ್ತಿಯ ಲೆಕ್ಕ ಇದೇ, ಮೀಸೆಪಟ್ಟಿ ಇಲ್ಲ. ಪೈಲಿಯೇಟೆಡ್ ಎರಡಕ್ಕೂ ಕೆಂಪು ಜುಟ್ಟಿದೆ, ಮೀಸೆಪಟ್ಟಿ ಗಂಡಿಗೆ ಕೆಂಪು, ಹೆಣ್ಣಿಗೆ ಕಪ್ಪು. ಮೆಗಲಾನಿಕ್ ಗಂಡಿನ ತಲೆ ಪೂರ್ತಿ ಕೆಂಪು, ಹೆಣ್ಣಿನದ್ದು ಕೊಕ್ಕಿನ ಬುಡ ಬಿಟ್ಟರೆ ಕಪ್ಪು. ಹೊಂಬೆನ್ನಿನವುಗಳಲ್ಲಿ ದೊಡ್ಡದಕ್ಕೆ ತಿಳಿ ಬಣ್ಣದ ಕಣ್ಣು, ಸೊಂಟ ಕೆಂಪು, ಮೀಸೆಪಟ್ಟಿ ಎರಡು ಗೆರೆಯಾಗಿ ಒಡೆದು ನಡುವೆ ಬಿಳಿ ಇರುತ್ತದೆ. ಸಾಮಾನ್ಯವಾಗಿ ತೋಟಗಳಲ್ಲೂ ಕಾಣುವ ಹೊಂಬೆನ್ನಿನದ್ದು ಕಪ್ಪು ಸೊಂಟದ, ಕಡುಬಣ್ಣದ ಕಣ್ಣಿನ ಹಕ್ಕಿ.

ರೆಕ್ಕೆಯಲ್ಲಿ ಬಿಳಿ ಎಲ್ಲಿತ್ತು ಎಂಬುದನ್ನು ಕಂಡ ಕ್ಷಣದಲ್ಲೇ ಗಟ್ಟಿಯಾಗಿ ಹೇಳಿಕೊಳ್ಳಿ: ಮೇಲ್ಬದಿಯೋ ಕೆಳಬದಿಯೋ, ಮುಂದಿನ ಅಂಚೋ ಹಿಂದಿನ ಅಂಚೋ. ಇದರ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ದಂತಕೊಕ್ಕಿನ ಮರಕುಟಿಗದ ಪ್ರಕರಣ ನೋಡಬೇಕು. ಆ ಹಕ್ಕಿಯನ್ನು ಕಂಡ, ಎಲ್ಲರೂ ಒಪ್ಪುವ ಕೊನೆಯ ದಾಖಲೆ 1944ರದ್ದು. 2004ರಲ್ಲಿ ಆರ್ಕನ್ಸಾಸ್ ರಾಜ್ಯದ ಕ್ಯಾಷ್ ನದಿ ಕಣಿವೆಯಲ್ಲಿ ಅದು ಮತ್ತೆ ಕಂಡಿತೆಂದು, ಕೆಲವೇ ಸೆಕೆಂಡಿನ ಮಸುಕಾದ ವಿಡಿಯೊವನ್ನೂ ಆಧಾರವಾಗಿಟ್ಟು, 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ದಂತಕೊಕ್ಕಿನದರ ರೆಕ್ಕೆಯ ಹಿಂದಿನ ಅಂಚು ಬಿಳಿ, ಕೂತಾಗಲೂ ಬೆನ್ನ ಮೇಲೆ ಕಾಣುತ್ತದೆ. ಪೈಲಿಯೇಟೆಡ್‌ನ ಬಿಳಿ ಮುಖ್ಯವಾಗಿ ರೆಕ್ಕೆಯ ಕೆಳಬದಿಯ ಮುಂಭಾಗದಲ್ಲಿ, ಹಿಂದಿನ ಅಂಚು ಕಪ್ಪು. ವಿಡಿಯೊದಲ್ಲಿ ಕಂಡ ಬಿಳಿ ಯಾವುದು ಎಂಬುದರ ಮೇಲೆ ತಜ್ಞರು ಎರಡು ಬಣವಾದರು, ಒಮ್ಮತ ಮೂಡಲಿಲ್ಲ. ಅಷ್ಟು ದೊಡ್ಡ ಹುಡುಕಾಟವೇ ಇಂಥ ಒಂದು ವಿವರದ ಮೇಲೆ ನಿಂತಿತ್ತು.

ಹಕ್ಕಿಗೂ ನಿಮಗೂ ಅಪಾಯವಾಗದಂತೆ

ಧ್ವನಿಮುದ್ರಣ ನುಡಿಸಿ ಕರೆಯಬೇಡಿ, ಮರಿ ಮಾಡುವ ಕಾಲದಲ್ಲಿ ಖಂಡಿತ ಬೇಡ. ಬೇರೊಂದು ಗಂಡು ತನ್ನ ಜಾಗಕ್ಕೆ ಬಂತೆಂದು ಹಕ್ಕಿ ಮೇವು, ಗೂಡು ಬಿಟ್ಟು ಓಡಿಬರುತ್ತದೆ. ಗೂಡಿನಿಂದ ಕನಿಷ್ಠ 50 ಮೀಟರ್ ದೂರ ನಮ್ಮ ನಿಯಮ. ಹೊಳೆಯ ಆಚೆ ದಂಡೆಯಿಂದ ನೋಡುವುದು ಇನ್ನೂ ಒಳ್ಳೆಯದು. ಬಾಯಲ್ಲಿ ಮೇವು ಹಿಡಿದ ಹಕ್ಕಿ ಅಥವಾ ಮತ್ತೆ ಮತ್ತೆ ಕೂಗುತ್ತಾ ಪಕ್ಕದ ಮರದಲ್ಲಿ ಸುಳಿದಾಡುವ ಹಕ್ಕಿ ಹತ್ತು ನಿಮಿಷವಾದರೂ ಗೂಡಿಗೆ ಹೋಗದಿದ್ದರೆ ಅದಕ್ಕೆ ಕಾರಣ ನೀವೇ, ಹಿಂದೆ ಸರಿಯಿರಿ. ಗೂಡಿನ ನಿಖರ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಕೊರೆದ ದಂಡೆಯ ಅಂಚು ಮೇಲಿಂದ ಗಟ್ಟಿಯಾಗಿ ಕಂಡರೂ ಕೆಳಗೆ ಟೊಳ್ಳಿರುತ್ತದೆ, ಎರಡು ಮೀಟರ್ ಒಳಗೇ ನಿಲ್ಲಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮಳೆಯಿಲ್ಲದೆಯೂ ನೀರು ಏರುತ್ತದೆ, ನಡುಗಡ್ಡೆಗೆ ದಾಟಿ ನಿಲ್ಲಬೇಡಿ. ಮೊಸಳೆ, ಆನೆಗಳಿರುವ ಹೊಳೆಗಳಲ್ಲಿ ಸ್ಥಳ ಬಲ್ಲವರಿಲ್ಲದೆ ಮಬ್ಬುಗತ್ತಲಲ್ಲಿ ನೀರಂಚಿಗೆ ಇಳಿಯಲೇಬಾರದು. ಗಾಳಿ ಎದ್ದರೆ ಒಣಮರದ ಕೆಳಗಿಂದ ಹೊರಬನ್ನಿ.

ಬೆಳಿಗ್ಗೆ ಸಿಗದಿದ್ದರೆ

ಹೊಸ ಚೆಕ್ಕೆ ಕಂಡ ಜಾಗಕ್ಕೆ ಸಂಜೆ ಮರಳಿ. ದೊಡ್ಡ ಮರಕುಟಿಗಗಳು ಒಂದೇ ಪೊಟರೆಗೆ ರಾತ್ರಿಯ ನಿದ್ದೆಗೆ ಹಲವು ದಿನ ಬರುವುದುಂಟು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ, ಪೊಟರೆಯ ಬಾಯಿ ಓರೆಯಾಗಿ ಕಾಣುವಂತೆ ದೂರದಲ್ಲಿ, ಯಾವುದಾದರೂ ಕಾಂಡಕ್ಕೆ ಬೆನ್ನು ಕೊಟ್ಟು ಕೂರಿ. ಹಕ್ಕಿ ನೇರ ಒಳಹೋಗುವುದಿಲ್ಲ: ಪಕ್ಕದ ಮರಕ್ಕೆ ಬಂದು ಕೂಗಿ, ಸುತ್ತ ನೋಡಿ, ಪೊಟರೆಯ ಕೆಳಗೆ ಅಂಟಿ, ಒಂದೆರಡು ಸಲ ತಲೆ ಹಾಕಿ ತೆಗೆದು, ಆಮೇಲೆ ಹೊಕ್ಕುತ್ತದೆ. ಇಡೀ ನಡಿಗೆಯಲ್ಲಿ ಇಷ್ಟು ನಿರಾಳವಾಗಿ ನೋಡಲು ಸಿಗುವ ಸಮಯ ಬೇರೆ ಇಲ್ಲ. ಅದು ಒಳಹೋದ ಮೇಲೆ ಇನ್ನೂ ಹತ್ತು ನಿಮಿಷ ಅಲುಗದೆ ಕೂತಿದ್ದು, ಟಾರ್ಚು ಮರದತ್ತ ತಿರುಗಿಸದೆ ಹೊರಡಿ.

ಟಿಪ್ಪಣಿಯಲ್ಲಿ ಸಮಯ, ಯಾವ ದಂಡೆ, ಮರ ಸತ್ತದ್ದೋ ಬದುಕಿದ್ದೋ, ನೆಲದಿಂದ ಎತ್ತರ, ಹಕ್ಕಿ ಏನು ಮಾಡುತ್ತಿತ್ತು, ಕೆಂಪು ಮತ್ತು ಬಿಳಿ ಎಲ್ಲಿತ್ತು ಎಂಬುದಿರಲಿ. ಸದ್ದು ಮಾತ್ರ ಕೇಳಿದ್ದರೆ ಹಾಗೆಂದೇ ಬರೆಯಿರಿ, ಫೋನಿನಲ್ಲಿ ಅರ್ಧ ನಿಮಿಷ ಧ್ವನಿ ಮುದ್ರಿಸಿಕೊಳ್ಳಿ. ಆ್ಯಪ್ ಒಂದು ಹೆಸರು ತೋರಿಸಿತೆಂದು ಅದನ್ನೇ ಪಟ್ಟಿಗೆ ಸೇರಿಸಬೇಡಿ. ಏನೂ ಸಿಗದ ದಿನವನ್ನೂ ದಾಖಲಿಸಿ: ಒಂದು ಜೋಡಿ ನೂರಾರು ಹೆಕ್ಟೇರಿನಲ್ಲಿ ಸುತ್ತುವ ಹಕ್ಕಿ ಇದು, ಇವತ್ತು ಹೊಳೆಯ ಈ ತುಂಡಿನಲ್ಲಿ ಇಲ್ಲದ್ದು ನಾಳಿದ್ದು ಇದೇ ಒಣಮರಕ್ಕೆ ಬರಬಹುದು. ಹೊಸ ದಾರಿ ಹುಡುಕುವುದಕ್ಕಿಂತ ಅದೇ ಎರಡು ಕಿಲೋಮೀಟರನ್ನು ವಾರಕ್ಕೊಮ್ಮೆ, ಅದೇ ನಿಲುಗಡೆಗಳಲ್ಲಿ ನಿಂತು ನಡೆಯುವುದು ಹೆಚ್ಚು ಫಲ ಕೊಡುತ್ತದೆ.